ಬಳ್ಳಾರಿಯಲ್ಲಿ ನಿಂತಿರುವ ಸ್ಪೋರ್ಟ್ಸ್ ಕಾರು: ಬೆಲೆ ಕಟ್ಟುವುದು ಹೇಗೆ, ಮಾರುವುದು ಹೇಗೆ

ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಇನ್ನೋವಾ ಅಥವಾ ಫಾರ್ಚೂನರ್ ಮಾರುವುದಕ್ಕೆ ಯಾರ ಸಲಹೆಯೂ ಬೇಕಾಗಿಲ್ಲ. ಬೆಳಿಗ್ಗೆ ವಾಟ್ಸಾಪ್ ಗ್ರೂಪಿಗೆ ಹಾಕಿದರೆ ಸಂಜೆಯೊಳಗೆ ಬ್ರೋಕರ್‌ಗಳ ಫೋನ್ ಶುರುವಾಗುತ್ತದೆ. ಎರಡು ಬಾಗಿಲಿನ, ಹಂಪ್ ಕಂಡರೆ ಹೊಟ್ಟೆ ಉಜ್ಜುವ ಕಾರಿನದು ಬೇರೆಯೇ ಲೆಕ್ಕ. ಪೋರ್ಶೆ ಕೇಮನ್, ಆಡಿ ಟಿಟಿ, ಬಿಎಂಡಬ್ಲ್ಯು ಝಡ್4, ಫೋರ್ಡ್ ಮಸ್ಟ್ಯಾಂಗ್‌ಗಳ ಪಕ್ಕ ನಿಂತು ಸೆಲ್ಫಿ ತೆಗೆದುಕೊಳ್ಳುವವರು ಊರು ತುಂಬ ಸಿಗುತ್ತಾರೆ. ದುಡ್ಡು ಎಣಿಸುವವನು ಮಾತ್ರ ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಇರುತ್ತಾನೆ. ಬೆಲೆ, ಫೋಟೋ, ಕಾಗದ, ಸಾಗಾಟ ಎಲ್ಲವನ್ನೂ ಆ ದೂರದ ಗಿರಾಕಿಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾಡಬೇಕು.

ಮಾರುಕಟ್ಟೆ ಏಕೆ ಮಂದ ಎಂದು ಮೊದಲು ತಿಳಿಯಿರಿ

2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳ ಜಿಎಸ್‌ಟಿ, ಸೆಸ್ ಸೇರಿ ಸುಮಾರು 45–50 ಶೇಕಡಾ ಇದ್ದದ್ದು 40ಕ್ಕೆ ಇಳಿಯಿತು. ಹೊಸ ಕಾರಿನ ಬೆಲೆ ಲಕ್ಷಗಟ್ಟಲೆ ಇಳಿದಾಗ ಹಳೆಯದರ ಬೆಲೆಯೂ ತಾನಾಗಿ ಕೆಳಗೆ ಸರಿಯಿತು. ಆದರೆ ಮಾಲೀಕರ ಮನಸ್ಸಿನಲ್ಲಿ ಇನ್ನೂ ಹಳೆಯ ಆನ್‌ರೋಡ್ ಬೆಲೆಯೇ ಕೂತಿದೆ. ಇದರ ಮೇಲೆ 2025ರ ಜುಲೈನಲ್ಲಿ ಸಹಿಯಾದ ಭಾರತ–ಬ್ರಿಟನ್ ವ್ಯಾಪಾರ ಒಪ್ಪಂದದಿಂದ ಆಮದು ಕಾರು ಅಗ್ಗವಾಗುತ್ತದೆ ಎಂಬ ಮಾತಿದೆ. 'ಇನ್ನೊಂದು ಆರು ತಿಂಗಳು ನೋಡೋಣ' ಎನ್ನುವ ಗಿರಾಕಿ ಹೆಚ್ಚಿದ್ದಾನೆ.

ನಮ್ಮ ಕಡೆಯ ಕಾರಣಗಳೂ ಇವೆ. ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪದ ಅಕ್ಕಿ ಗಿರಣಿಗಳ ದುಡ್ಡು ತುಂಗಭದ್ರಾ ಕಾಲುವೆಯ ನೀರಿನ ಜೊತೆ ಏರುತ್ತದೆ, ಇಳಿಯುತ್ತದೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದ ಮೇಲೆ ಎರಡನೇ ಬೆಳೆಯ ಚಿಂತೆ ಈ ಭಾಗದ ಎಲ್ಲ ವ್ಯಾಪಾರಕ್ಕೂ ತಟ್ಟಿದೆ. ಶೋಕಿಯ ಕಾರಿಗೆ ಅದು ಮೊದಲು ತಟ್ಟುತ್ತದೆ.

ಗಣಿಯ ಭರಾಟೆಯಲ್ಲಿ, ಅಂದರೆ 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸುವುದಕ್ಕಿಂತ ಮುಂಚೆ ಕೊಂಡ ಕಾರಾಗಿದ್ದರೆ ಇನ್ನೊಂದು ತೊಡಕಿದೆ. 15 ವರ್ಷ ತುಂಬಿದ ಖಾಸಗಿ ಕಾರಿಗೆ ಫಿಟ್‌ನೆಸ್ ತಪಾಸಣೆ, ಫಾರಂ 25ರಲ್ಲಿ ನೋಂದಣಿ ನವೀಕರಣ, ಹಸಿರು ತೆರಿಗೆ ಎಲ್ಲವೂ ಬೇಕು. ಆಮದು ಕಾರಿನ ನವೀಕರಣ ಶುಲ್ಕ ಸಾಮಾನ್ಯ ಕಾರಿಗಿಂತ ಹಲವು ಪಟ್ಟು ಹೆಚ್ಚು. ನವೀಕರಣ ಮಾಡಿಸದೆ ಜಾಹೀರಾತು ಹಾಕಬೇಡಿ, ಗಿರಾಕಿ ಆ ಖರ್ಚನ್ನು ಇದ್ದದ್ದಕ್ಕಿಂತ ಮೂರು ಪಟ್ಟು ಮಾಡಿ ಕಳೆಯುತ್ತಾನೆ.

ಬೆಲೆ ಕಟ್ಟುವ ಲೆಕ್ಕ

ವಿಮೆಯ ಐಡಿವಿ (ಪಾಲಿಸಿಯಲ್ಲಿ ಬರೆದಿರುವ ಕಾರಿನ ಮೌಲ್ಯ) ನೋಡಿ ಬೆಲೆ ಹೇಳುವುದು ಇಲ್ಲಿನ ರೂಢಿ. ಅದನ್ನು ಬಿಡಿ. ಐಡಿವಿ ಒಂದು ಕೋಷ್ಟಕದ ಸಂಖ್ಯೆ: ಒಂದರಿಂದ ಎರಡು ವರ್ಷದ ಕಾರಿಗೆ 20 ಶೇಕಡಾ ಸವಕಳಿ, ನಾಲ್ಕರಿಂದ ಐದು ವರ್ಷದ್ದಕ್ಕೆ 50 ಶೇಕಡಾ, ಆಮೇಲೆ ಕಂಪನಿಯೂ ನೀವೂ ಒಪ್ಪಿಕೊಂಡಷ್ಟು. ಕಳವಾದರೆ ಎಷ್ಟು ಸಿಗುತ್ತದೆ ಎಂಬುದು ಅದರಿಂದ ಗೊತ್ತಾಗುತ್ತದೆ. ಮಾರಿದರೆ ಎಷ್ಟು ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಮಾಡಬೇಕಾದ್ದು ಹೀಗೆ. ನಿಮ್ಮದೇ ಮಾದರಿ, ಒಂದೆರಡು ವರ್ಷ ಹಿಂದೆ ಮುಂದೆ ತಯಾರಾದ ಕಾರುಗಳ ಜಾಹೀರಾತನ್ನು ಬೆಂಗಳೂರು, ಹೈದರಾಬಾದ್, ಪುಣೆ, ಮುಂಬೈ ಸೇರಿಸಿ ಹುಡುಕಿ. ಹತ್ತು ಸಿಕ್ಕರೆ ಒಳ್ಳೆಯದು, ಅಪರೂಪದ ಮಾದರಿಗೆ ಐದು ಸಿಕ್ಕರೂ ಸಾಕು. ಪ್ರತಿಯೊಂದರ ಕೇಳುವ ಬೆಲೆ, ಓಡಿದ ಕಿಲೋಮೀಟರ್, ಎಷ್ಟನೇ ಮಾಲೀಕ, ಯಾವ ರಾಜ್ಯದ ನೋಂದಣಿ, ಜಾಹೀರಾತು ಎಷ್ಟು ದಿನದಿಂದ ಇದೆ ಎಂದು ಬರೆದಿಡಿ. ವಾರಕ್ಕೊಮ್ಮೆ ಮತ್ತೆ ನೋಡಿ. ಮಾಯವಾದದ್ದು ಬಹುಶಃ ಮಾರಾಟವಾಗಿದೆ. ಎರಡು ತಿಂಗಳಾದರೂ ಅಲ್ಲೇ ಕೂತಿರುವ ಬೆಲೆಯನ್ನು ಗಿರಾಕಿಗಳು ಈಗಾಗಲೇ ನಿರಾಕರಿಸಿದ್ದಾರೆ. ಹೆಚ್ಚಿನ ಮಾಲೀಕರು ಆ ನಿಂತುಹೋದ ಬೆಲೆಗಳನ್ನೇ ಆಧಾರ ಮಾಡಿಕೊಳ್ಳುತ್ತಾರೆ, ತಪ್ಪು ಶುರುವಾಗುವುದೇ ಅಲ್ಲಿ.

ಲೆಕ್ಕ ತೋರಿಸಲು ಒಂದು ಕಾಲ್ಪನಿಕ ಕಾರು ಇಟ್ಟುಕೊಳ್ಳೋಣ. 2017ರ ಮಾದರಿ, 38,000 ಕಿ.ಮೀ., ಕೆಎ-34. ಜಾಹೀರಾತುಗಳು 46ರಿಂದ 55 ಲಕ್ಷದವರೆಗೆ ಇವೆ. 50 ದಾಟಿದವು ಕದಲಿಲ್ಲ, ಹೋದವು 46–47ರವು. 46.5 ಎಂದು ಹಿಡಿಯಿರಿ. ಚೌಕಾಸಿಗೆ 5 ಶೇಕಡಾ ಹೋದರೆ 44.2. ನಾಲ್ಕೂ ಟೈರು ಹಳೆಯವು, 1.4 ಲಕ್ಷ ಕಳೆಯಿರಿ: 42.8. ಬಾಕಿ ಇರುವ ಸರ್ವಿಸ್ 60,000: 42.2. ಬಳ್ಳಾರಿಯವರೆಗೆ ಬಂದು ನೋಡುವ ತೊಂದರೆ, ಅಧಿಕೃತ ವರ್ಕ್‌ಶಾಪ್ ಇಲ್ಲದ ಊರಿನ ಗಾಡಿ ಎಂಬ ಅನುಮಾನಕ್ಕೆ 70,000: 41.5 ಲಕ್ಷ. ಕೈಗೆ ಬರುವ ಬೆಲೆ ಇದು. ಜಾಹೀರಾತಿನಲ್ಲಿ 43.25 ಹಾಕಿ, 40.5ಕ್ಕಿಂತ ಕೆಳಗೆ ಇಳಿಯುವುದಿಲ್ಲ ಎಂದು ಒಂದು ಚೀಟಿಯಲ್ಲಿ ಬರೆದು ನಿಮ್ಮ ಬಳಿಯೇ ಇಟ್ಟುಕೊಳ್ಳಿ. ಮನೆಯವರಿಗೆ ಹೇಳಿ, ಬ್ರೋಕರ್‌ಗೆ ಹೇಳಬೇಡಿ.

ಇನ್ನೊಂದು ಲೆಕ್ಕ ಇದಕ್ಕಿಂತ ಮುಖ್ಯ: ಕಾರು ನಿಂತಿರುವುದಕ್ಕೆ ತಿಂಗಳಿಗೆ ಎಷ್ಟು ಖರ್ಚು? ವಿಮೆ ವರ್ಷಕ್ಕೆ 1.2 ಲಕ್ಷವಾದರೆ ತಿಂಗಳಿಗೆ 10,000. 41.5 ಲಕ್ಷ ಬ್ಯಾಂಕಿನಲ್ಲಿದ್ದರೆ 7 ಶೇಕಡಾದಂತೆ ಬರುತ್ತಿದ್ದ ಬಡ್ಡಿ ಸುಮಾರು 24,000. ವರ್ಷಕ್ಕೆ 10 ಶೇಕಡಾ ಬೆಲೆ ಕುಸಿದರೆ ತಿಂಗಳಿಗೆ 35,000. ಒಟ್ಟು 69,000. ಅಂದರೆ ಮೂರು ತಿಂಗಳು ಹಠ ಹಿಡಿದು 2 ಲಕ್ಷ ಹೆಚ್ಚು ಗಿಟ್ಟಿಸಿದರೆ ಗಿಟ್ಟಿದ್ದು ಏನೂ ಇಲ್ಲ. ಸಾಲವಿದ್ದರೆ ಬಡ್ಡಿಯ ಸಾಲಿಗೆ ನಿಮ್ಮ ನಿಜವಾದ ಬಡ್ಡಿದರ ಹಾಕಿ ನೋಡಿ, ಲೆಕ್ಕ ಇನ್ನೂ ಕಹಿಯಾಗುತ್ತದೆ.

ಎರಡು ವಿಷಯ ನಿಮ್ಮ ಪರವಾಗಿವೆ. ಒಂದು, ಕರ್ನಾಟಕದ ನೋಂದಣಿ. ಇಲ್ಲಿ 20 ಲಕ್ಷ ದಾಟಿದ ಕಾರಿನ ಜೀವಿತಾವಧಿ ತೆರಿಗೆ 18 ಶೇಕಡಾ, ಮೇಲೆ ಸೆಸ್. ಹೊರರಾಜ್ಯದ ಸಂಖ್ಯೆಯ ಐಷಾರಾಮಿ ಕಾರುಗಳ ಮೇಲೆ ಸಾರಿಗೆ ಇಲಾಖೆ ಕಣ್ಣಿಟ್ಟಿರುವುದರಿಂದ ತೆರಿಗೆ ಕಟ್ಟಿದ ಕೆಎ ಕಾರಿಗೆ ಬೆಂಗಳೂರಿನ ಗಿರಾಕಿ ಹೆಚ್ಚು ಕೊಡುತ್ತಾನೆ. ರಾಯಚೂರಿನವರಿಗೆ ಹೈದರಾಬಾದ್ ಹತ್ತಿರವಾದರೂ ಅಲ್ಲಿನ ಗಿರಾಕಿ ತೆಲಂಗಾಣದಲ್ಲಿ ಮತ್ತೆ ತೆರಿಗೆ ಕಟ್ಟಬೇಕು, ಅದನ್ನು ನಿಮ್ಮ ಬೆಲೆಯಿಂದಲೇ ಮುರಿಯುತ್ತಾನೆ. ಎರಡು, ಕಡಿಮೆ ಮಾಲೀಕರು. ಮೊದಲ ಮಾಲೀಕರ ಕಾರಿಗೂ ಮೂರನೆಯವರ ಕಾರಿಗೂ ಇರುವ ಅಂತರ ಸ್ಪೋರ್ಟ್ಸ್ ಕಾರಿನಲ್ಲಿ ಸಾಮಾನ್ಯ ಕಾರಿಗಿಂತ ದೊಡ್ಡದು. ಫ್ಯಾನ್ಸಿ ನಂಬರಿಗೆ ನೀವು ಕೊಟ್ಟ ದುಡ್ಡು ಮಾತ್ರ ಲೆಕ್ಕಕ್ಕೆ ಬರುವುದಿಲ್ಲ.

ಗಾಡಿ ಸಿದ್ಧ ಮಾಡುವುದು

ಸಂಡೂರು, ತೋರಣಗಲ್ಲು, ಹೊಸಪೇಟೆ ಸುತ್ತ ಓಡಿದ ಕಾರಿನ ಬಣ್ಣದ ಮೇಲೆ ಬರೀ ಧೂಳಲ್ಲ, ಅದಿರಿನ ಕಬ್ಬಿಣದ ಕಣ ಕೂತಿರುತ್ತದೆ. ತೇವಕ್ಕೆ ಅದು ತುಕ್ಕು ಹಿಡಿದು ಬಿಳಿ, ಬೆಳ್ಳಿ ಬಣ್ಣದ ಮೇಲೆ ಕಿತ್ತಳೆ ಚುಕ್ಕಿಯಾಗಿ ಕಾಣುತ್ತದೆ. ದೂರದ ಗಿರಾಕಿ ಅದನ್ನು ಬಾಡಿಯ ತುಕ್ಕು ಎಂದು ತಿಳಿದು ಹಿಂದೆ ಸರಿಯುತ್ತಾನೆ. ಉಜ್ಜಿದರೆ ಕಣ ಬಣ್ಣವನ್ನೇ ಗೀರುತ್ತದೆ. ಮೊದಲು ನೀರಿನ ಒತ್ತಡದಿಂದ ತೊಳೆಯಿರಿ. ನೆರಳಿನಲ್ಲಿ, ಬಾನೆಟ್ ಕೈಗೆ ತಣ್ಣಗಿದ್ದಾಗ ಐರನ್ ರಿಮೂವರ್ (ಕಬ್ಬಿಣದ ಕಣ ಕರಗಿಸುವ ದ್ರವ) ಸಿಂಪಡಿಸಿ. ಕಬ್ಬಿಣ ಸಿಕ್ಕಲ್ಲೆಲ್ಲ ದ್ರವ ನೇರಳೆಗೆ ತಿರುಗುತ್ತದೆ. ಮೂರರಿಂದ ಐದು ನಿಮಿಷ ಬಿಟ್ಟು, ಒಣಗುವ ಮುನ್ನ ತೊಳೆಯಿರಿ. ಉಳಿದದ್ದಕ್ಕೆ ಕಣ ಎತ್ತುವ ಜೇಡಿಯಂಥ ಕ್ಲೇ ಬಾರ್, ಜೊತೆಗೆ ಧಾರಾಳವಾಗಿ ಜಾರುದ್ರವ. ಬೇಸಿಗೆಯ ಮಧ್ಯಾಹ್ನ 40 ಡಿಗ್ರಿ ದಾಟಿದಾಗ ಬಯಲಲ್ಲಿ ಈ ಕೆಲಸ ಮಾಡಿಸಿದರೆ ರಾಸಾಯನಿಕ ಅಲ್ಲೇ ಒಣಗಿ ಕಲೆ ಬಿಡುತ್ತದೆ.

ಬಣ್ಣ ಹೊಡೆಸಬೇಡಿ. ಗಿರಾಕಿ ಕಡೆಯವರು ಬಣ್ಣದ ದಪ್ಪ ಅಳೆಯುವ ಪೇಂಟ್ ಗೇಜ್ ತರುತ್ತಾರೆ. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 90ರಿಂದ 150 ಮೈಕ್ರಾನ್. 250 ಕಂಡರೆ ಮರುಬಣ್ಣ, 500 ದಾಟಿದರೆ ಒಳಗೆ ಪುಟ್ಟಿ. ಬಂಪರಿನ ಸಣ್ಣ ಗೀರು ಮುಚ್ಚಲು ಮಾಡಿಸಿದ ಬಣ್ಣ ಅಪಘಾತದ ಅನುಮಾನ ಹುಟ್ಟಿಸುತ್ತದೆ. ಮುಂದಿನ ತುಟಿಯ ಕೆಳಗಿನ ಗೀರು ಎಲ್ಲ ಸ್ಪೋರ್ಟ್ಸ್ ಕಾರಿನಲ್ಲೂ ಇರುವಂಥದ್ದು, ಹಾಗೆಯೇ ಬಿಡಿ. ವಿಮೆ ಕ್ಲೈಮ್ ಆಗಿದ್ದರೆ ಬಿಲ್ ಸಮೇತ ನೀವೇ ತೋರಿಸಿ. ಸರ್ವಿಸ್ ದಾಖಲೆಯಲ್ಲಿ ಅದು ಹೇಗೂ ಸಿಗುತ್ತದೆ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಎಂದರೆ 2019ರ 23ನೇ ವಾರ. ಗ್ರೂವ್ ಎಷ್ಟೇ ಇದ್ದರೂ ಆರು ವರ್ಷ ದಾಟಿದ ಟೈರು ಈ ವರ್ಗದ ಕಾರಿಗೆ ಸಲ್ಲದು, ನಮ್ಮ ಬಿಸಿಲಿಗೆ ರಬ್ಬರ್ ಬೇಗ ಗಟ್ಟಿಯಾಗುತ್ತದೆ. ಬದಲಿಸುವುದೇ ಲಾಭ: 1.4 ಲಕ್ಷದ ಟೈರಿಗೆ ಗಿರಾಕಿ 2 ಲಕ್ಷ ಕಳೆಯುತ್ತಾನೆ. ಬ್ರೇಕ್ ಡಿಸ್ಕಿನ ಅಂಚಿನಲ್ಲೋ ಮಧ್ಯದಲ್ಲೋ ಕನಿಷ್ಠ ದಪ್ಪ ಕೆತ್ತಿರುತ್ತದೆ, ಅಳೆದು ಬರೆದಿಡಿ. ಪ್ಯಾಡು 3 ಮಿ.ಮೀ.ಗೆ ಬಂದಿದ್ದರೆ ಹಾಕಿಸಿಬಿಡಿ. ರೇಡಿಯೇಟರ್, ಎಸಿ ಕಂಡೆನ್ಸರ್ ಮುಂಭಾಗದಲ್ಲಿ ಎಲೆ ಮತ್ತು ಕೆಂಪುಧೂಳು ಕೆಸರಿನಂತೆ ಕಟ್ಟಿಕೊಂಡಿರುತ್ತದೆ. ಪೋರ್ಶೆಯಲ್ಲಿ ಬಂಪರಿನ ಎರಡು ಬದಿಯ ಗಾಳಿಗಂಡಿಯೊಳಗೆ ಟಾರ್ಚ್ ಬಿಟ್ಟು ನೋಡಿ. ತುಂಬಿದ್ದರೆ ಬಂಪರ್ ಬಿಚ್ಚಿಸಿ ತೊಳೆಸಬೇಕು. ಮೇ ತಿಂಗಳಲ್ಲಿ ಟೆಸ್ಟ್ ಡ್ರೈವ್ ಮಧ್ಯೆ ಎಸಿ ಬಿಸಿಗಾಳಿ ಬಿಟ್ಟರೆ ವ್ಯಾಪಾರ ಅಲ್ಲಿಗೇ ಮುಗಿಯಿತು.

ನಿಂತ ಕಾರಿನ ದೊಡ್ಡ ಶತ್ರು ಬ್ಯಾಟರಿ. 12.6 ವೋಲ್ಟ್ ತೋರಿಸಿದರೆ ತುಂಬಿದೆ, 12.2ಕ್ಕೆ ಬಂದರೆ ಅರ್ಧ ಖಾಲಿ. ಟರ್ಮಿನಲ್ ಬಿಚ್ಚಿಡುವುದು ಸುಲಭವೆಂದು ಕಾಣುತ್ತದೆ, ಅದರಲ್ಲೇ ಒಂದು ಬಲೆ ಇದೆ. ಬ್ಯಾಟರಿ ತೆಗೆದರೆ ಹಲವು ಕಾರುಗಳಲ್ಲಿ ಹೊಗೆ ನಿಯಂತ್ರಣ ವ್ಯವಸ್ಥೆಯ ಸ್ವಯಂ ತಪಾಸಣೆಗಳು ಅಳಿಸಿಹೋಗುತ್ತವೆ. ಗಿರಾಕಿಯ ಸ್ಕ್ಯಾನರ್ 'ಸಿದ್ಧವಿಲ್ಲ' ಎಂದು ತೋರಿಸುತ್ತದೆ, ಬೆಳಿಗ್ಗೆಯೇ ಫಾಲ್ಟ್ ಕೋಡ್ ಅಳಿಸಿದ್ದೀರಿ ಎಂದು ಅವನು ಲೆಕ್ಕ ಹಾಕುತ್ತಾನೆ. ಆದ್ದರಿಂದ ಬ್ಯಾಟರಿಯನ್ನು ಸದಾ ತುಂಬಿಡುವ ಮೇಂಟೈನರ್ ಚಾರ್ಜರ್ ಹಾಕಿಡಿ. ತೆಗೆಯಲೇಬೇಕಾಗಿ ಬಂದಿದ್ದರೆ ತೋರಿಸುವ ವಾರ 100–150 ಕಿ.ಮೀ. ಓಡಿಸಿ. ಎಥನಾಲ್ ಬೆರೆತ ಪೆಟ್ರೋಲ್ ತೇವ ಹೀರುವುದರಿಂದ ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಬಿಡಬಾರದು.

ರೀಮ್ಯಾಪ್ (ಶಕ್ತಿ ಹೆಚ್ಚಿಸಲು ಬದಲಿಸಿದ ಎಂಜಿನ್ ಸಾಫ್ಟ್‌ವೇರ್), ಸದ್ದಿನ ಎಕ್ಸಾಸ್ಟ್, ಅಗಲದ ಚಕ್ರ ಇದ್ದರೆ ಕಂಪನಿಯ ಸ್ಥಿತಿಗೆ ತಂದು, ಬಿಡಿಭಾಗ ಬೇರೆ ಮಾರಿ. ಆರ್‌ಸಿಯಲ್ಲಿ ಬಿಳಿ ಎಂದಿದ್ದು ಕಾರು ಬಣ್ಣದ ಮೇಲೆ ಅಂಟಿಸಿದ ಮ್ಯಾಟ್ ಕಪ್ಪು ಹಾಳೆಯ ರ‍್ಯಾಪ್‌ನಲ್ಲಿದ್ದರೆ ಸುಲಿಸಿ. ಆ ಸಾವಿರಾರು ರೂಪಾಯಿಯ ರ‍್ಯಾಪ್ ನಿಮಗೆ ಇಷ್ಟವಾಗಿತ್ತು, ಸರಿ.

ಅನುಮಾನ ತೆಗೆಯುವ ಒಂದೇ ದಾರಿ

ಅಧಿಕೃತ ವರ್ಕ್‌ಶಾಪಿನ ತಪಾಸಣಾ ವರದಿ. ಬಳ್ಳಾರಿಯಿಂದ ಬೆಂಗಳೂರಿಗೆ ಸುಮಾರು 300 ಕಿ.ಮೀ. ಬಾಕಿ ಸರ್ವಿಸ್ ಮತ್ತು ತಪಾಸಣೆ ಒಂದೇ ಬಾರಿಗೆ ಬುಕ್ ಮಾಡಿ. ಫ್ಲಾಟ್‌ಬೆಡ್‌ನಲ್ಲಿ ಕಳಿಸುವುದಾದರೆ ಮರದ ಹಲಗೆ ಇಟ್ಟು ಏರಿಸಲು ಹೇಳಿ, ಕಟ್ಟುವ ಪಟ್ಟಿ ಚಕ್ರಕ್ಕೆ ಮಾತ್ರ, ಸಸ್ಪೆನ್ಷನ್ ತೋಳಿಗೆ ಬೇಡ. ಮುಂದಿನ ಚಕ್ರ ಎತ್ತಿ ಎಳೆಯುವ ಟೋಯಿಂಗ್ ಗಾಡಿಗೆ ಕೊಡಲೇಬೇಡಿ. ಪೋರ್ಶೆಯಾದರೆ, ಎಂಜಿನ್ ಮಿತಿ ಮೀರಿ ಎಷ್ಟು ತಿರುಗಿದೆ ಎಂದು ತೋರಿಸುವ ಎಂಜಿನ್ ಕಂಪ್ಯೂಟರಿನ ಓವರ್‌ರೆವ್ ವರದಿಯನ್ನೂ ಕೇಳಿ. ಆರು ಹಂತಗಳಲ್ಲಿ ಮೇಲಿನ ನಾಲ್ಕರಿಂದ ಆರು ಖಾಲಿ ಇದ್ದರೆ ಅದೇ ನಿಮ್ಮ ಉತ್ತಮ ಜಾಹೀರಾತು. ಡಬಲ್ ಕ್ಲಚ್ ಗೇರ್‌ಬಾಕ್ಸ್ ಇರುವ ಯಾವ ಕಾರಿಗಾದರೂ ಗೇರ್ ಆಯಿಲ್ ಬದಲಿಸಿದ ಬಿಲ್ ಫೈಲಿನಲ್ಲಿರಲಿ.

ಬೆಂಗಳೂರಿನಲ್ಲಿ ಮಗಳೋ ತಮ್ಮನೋ ಇದ್ದು, ನೆಲಮಾಳಿಗೆಯ ಪಾರ್ಕಿಂಗ್ ಸಿಗುವಂತಿದ್ದರೆ ಕಾರನ್ನು ಅಲ್ಲೇ ಬಿಟ್ಟು ಮಾರಿ. ಮೇಲಿನ ಲೆಕ್ಕದ 70,000 ಕಡಿತ ಅಲ್ಲಿಗೆ ಬಿದ್ದುಹೋಗುತ್ತದೆ, ನೋಡಲು ಬರುವವರೂ ಹೆಚ್ಚುತ್ತಾರೆ. ಷೋರೂಮಿನಲ್ಲಿ ನಿಲ್ಲಿಸಿ ಮಾರಿಸುವ 'ಪಾರ್ಕ್ ಅಂಡ್ ಸೇಲ್' ಕೂಡ ಇದೆ. ಕಮಿಷನ್ ಎಷ್ಟು, ಎಷ್ಟು ದಿನ, ಓಡೋಮೀಟರ್ ಎಷ್ಟರಲ್ಲಿ ಕೊಟ್ಟಿರಿ, ಟೆಸ್ಟ್ ಡ್ರೈವ್‌ನಲ್ಲಿ ಹಾನಿಯಾದರೆ ಯಾರ ಹೊಣೆ ಎಂಬುದನ್ನು ಬರೆಸಿಕೊಳ್ಳದೆ ಕೀಲಿ ಕೊಡಬೇಡಿ. 2023ರ ಏಪ್ರಿಲ್‌ನಿಂದ ಅಧಿಕೃತ ಡೀಲರ್‌ಗೆ ಗಾಡಿ ಒಪ್ಪಿಸಿದ್ದನ್ನು ಫಾರಂ 29ಸಿ ಮೂಲಕ ಆರ್‌ಟಿಒಗೆ ತಿಳಿಸುವ ವ್ಯವಸ್ಥೆ ಬಂದಿದೆ. ಅದಕ್ಕೆ ಒಪ್ಪದ ಡೀಲರ್ ಬೇಡ.

ಫೋಟೋ, ಜಾಹೀರಾತು, ಸಮಯ

ಬೆಳಿಗ್ಗೆ ಏಳರೊಳಗೆ, ಖಾಲಿ ಜಾಗದಲ್ಲಿ, 30–40 ಫೋಟೋ. ಹಂಪಿಯ ಸ್ಮಾರಕದ ಮುಂದೆ ನಿಲ್ಲಿಸಿ ತೆಗೆಯುವ ಆಸೆ ಬಿಡಿ; ಗಿರಾಕಿಗೆ ಬೇಕಿರುವುದು ಚಾಲಕನ ಸೀಟಿನ ಹೊರ ಅಂಚು, ನಾಲ್ಕೂ ಚಕ್ರದ ರಿಮ್, ಟೈರಿನ ದಿನಾಂಕ, ಓಡೋಮೀಟರ್, ಕೆಳಭಾಗದ ಪ್ಲಾಸ್ಟಿಕ್ ತಟ್ಟೆ, ಸರ್ವಿಸ್ ಬಿಲ್, ಎರಡೂ ಕೀಲಿ. ರಾತ್ರಿಯಿಡೀ ನಿಂತ ಎಂಜಿನ್ ಚಾಲೂ ಮಾಡುವ ಒಂದು ನಿಮಿಷದ ವಿಡಿಯೋ, ಹಿಂದಿನಿಂದ ಹೊಗೆ ಕಾಣುವಂತೆ, ಒಂದೇ ತುಂಡಿನಲ್ಲಿ ತೆಗೆಯಿರಿ. ಆಷಾಢ, ಪಿತೃಪಕ್ಷದಲ್ಲಿ ಶುರು ಮಾಡಬೇಡಿ. ಶ್ರಾವಣದಿಂದ ದೀಪಾವಳಿವರೆಗೆ, ಆಮೇಲೆ ಯುಗಾದಿಯ ಹಿಂದಿನ ತಿಂಗಳು ಒಳ್ಳೆಯದು. ಡಿಸೆಂಬರ್ ಕೊನೆಗೆ ಸಿಕ್ಕ ಬೆಲೆ ಜನವರಿಯಲ್ಲಿ ಸಿಗದು, ಕಾರಿಗೆ ಒಂದೇ ರಾತ್ರಿಯಲ್ಲಿ ಒಂದು ವರ್ಷ ಕೂಡುತ್ತದೆ.

ಮೊದಲ ಮೂರು ವಾರ ಜಾಹೀರಾತಿನ ಬೆಲೆ ಮುಟ್ಟಬೇಡಿ, ಬಂದ ಪ್ರತಿಕ್ರಿಯೆ ಓದಿ. ಫೋನೇ ಬರದಿದ್ದರೆ ಬೆಲೆ ತಪ್ಪು. ಫೋನ್ ಬಂದು ಯಾರೂ ನೋಡಲು ಬರದಿದ್ದರೆ ಫೋಟೋ ಅಥವಾ ಕಾಗದ ಸಾಲದು, ಇಲ್ಲವೇ ಊರು ದೂರವಾಯಿತು. ನೋಡಿದವರು ಬೆಲೆ ಕೇಳದೆ ಹೋದರೆ ಗಾಡಿಯಲ್ಲೇ ಏನೋ ಇದೆ. ನೇರವಾಗಿ ಕೇಳಿ, ಹೇಳುತ್ತಾರೆ. ಇಳಿಸುವಾಗ ಇಪ್ಪತ್ತೈದು ಸಾವಿರದಂತೆ ಚಿಲ್ಲರೆ ಇಳಿಸಬೇಡಿ. ಒಂದೇ ಸಲ 3–4 ಶೇಕಡಾ ಇಳಿಸಿ, ಅದೂ 45, 40 ಲಕ್ಷದಂಥ ಗಡಿಯ ಕೆಳಗೆ ಬರುವಂತೆ. ಗಿರಾಕಿಗಳು ಹುಡುಕುವುದು ಆ ಗಡಿಗಳನ್ನು ಹಾಕಿಯೇ.

ಬಂದವನ ಜೊತೆ

ಟೆಸ್ಟ್ ಡ್ರೈವ್‌ಗೆ ಮುನ್ನ ಅವನ ಡಿಎಲ್ ಫೋಟೋ ತೆಗೆದುಕೊಳ್ಳಿ, ಮೊದಲ ಸುತ್ತು ನೀವೇ ಓಡಿಸಿ. ಬಣ್ಣ ಬಳಿಯದ ಹಂಪ್ ಇಲ್ಲದ ದಾರಿಯನ್ನು ಮೊದಲೇ ಗೊತ್ತು ಮಾಡಿಡಿ. ಅದಿರು ಲಾರಿಗಳ ಹೊಸಪೇಟೆ ರಸ್ತೆಗೆ ಬೆಳಿಗ್ಗೆ ಬೇಗ ಹೋಗುವುದು ಲೇಸು, ಮುಂದಿನ ಗಾಜಿಗೆ ಕಲ್ಲು ಸಿಡಿದರೆ ನಷ್ಟ ನಿಮ್ಮದೇ. ಹಿಂದಿನ ಸೀಟಿನಲ್ಲಿ ಕೂರಲು ಸ್ನೇಹಿತರ ದಂಡು ಬಂದರೆ, ಸೀಟೇ ಇಲ್ಲ ಎನ್ನುವ ಅನುಕೂಲ ಕೇಮನ್, ಝಡ್4ನಂಥ ಕಾರಿನದು.

ಬೆಲೆ ಕುದುರಿದರೆ ಟೋಕನ್ ಖಾತೆಗೇ ಬರಲಿ. ಕೊನೆಯ ದಿನಾಂಕ, ತಪ್ಪಿದರೆ ಟೋಕನ್ ಏನಾಗುತ್ತದೆ ಎಂಬುದನ್ನು ಅರ್ಧ ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಿ. ಇಷ್ಟು ಹಳೆಯ ಸ್ಪೋರ್ಟ್ಸ್ ಕಾರಿಗೆ ಬ್ಯಾಂಕುಗಳು ಸಾಲ ಕೊಡಲು ಹಿಂಜರಿಯುತ್ತವೆ, 'ಲೋನ್ ಆಗುತ್ತೆ ಸಾರ್' ಎನ್ನುವವನಿಗೆ ಮಂಜೂರಾತಿ ಪತ್ರ ತೋರಿಸುವವರೆಗೆ ಗಾಡಿ ಕಾಯ್ದಿರಿಸಬೇಡಿ.

ನಗದು ವಿಷಯದಲ್ಲಿ ಈ ಭಾಗದಲ್ಲಿ ಧೈರ್ಯ ಜಾಸ್ತಿ. ಒಂದು ವ್ಯವಹಾರಕ್ಕೆ 2 ಲಕ್ಷ ಅಥವಾ ಹೆಚ್ಚು ನಗದು ತೆಗೆದುಕೊಳ್ಳುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸುತ್ತದೆ; ದಂಡ ಪಡೆದವನಿಗೆ, ಪಡೆದಷ್ಟೇ ಮೊತ್ತ. ಆರ್‌ಟಿಜಿಎಸ್ ಹಗಲಿರುಳು ನಡೆಯುತ್ತದೆ. ಸ್ಕ್ರೀನ್‌ಶಾಟ್ ನಂಬಬೇಡಿ, ನಿಮ್ಮ ಬ್ಯಾಂಕಿನ ಆ್ಯಪ್ ತೆರೆದು ಬಾಕಿ ನೋಡಿ. ಹಣ ಪಡೆಯಲು ಕ್ಯೂಆರ್ ಸ್ಕ್ಯಾನ್ ಮಾಡಿ ಎಂದವನ ಫೋನ್ ಇಟ್ಟುಬಿಡಿ.

ಕಾಗದ

ಕಾರಿನ ಮೇಲೆ ಸಾಲವಿದ್ದರೆ ಮೊದಲು ಬ್ಯಾಂಕಿನ ಎನ್‌ಒಸಿ ಮತ್ತು ಸಾಲ ತೀರಿದ್ದನ್ನು ಆರ್‌ಟಿಒಗೆ ತಿಳಿಸುವ ಫಾರಂ 35. ಎನ್‌ಒಸಿಗೆ ಸಾಮಾನ್ಯವಾಗಿ 90 ದಿನದ ಅವಧಿ ಇರುತ್ತದೆ, ಕಪಾಟಿನಲ್ಲಿಟ್ಟು ಮರೆತರೆ ಮತ್ತೆ ಅಲೆಯಬೇಕು. ಸರ್ಕಾರದ ವಾಹನ ನೋಂದಣಿ ತಾಣವಾದ ವಾಹನ್‌ನಲ್ಲಿ ನಿಮ್ಮ ಈಗಿನ ಮೊಬೈಲ್ ಸಂಖ್ಯೆ ಇದೆಯೇ ನೋಡಿ, ಒಟಿಪಿ ಅದಕ್ಕೇ ಬರುವುದು. ಬಾಕಿ ಚಲನ್ ಕಟ್ಟಿ. ಹೊಗೆ ಪ್ರಮಾಣಪತ್ರ, ವಿಮೆ ಚಾಲ್ತಿಯಲ್ಲಿರಲಿ. 2019ರ ಏಪ್ರಿಲ್‌ಗೆ ಮುಂಚಿನ ಕಾರಾದರೆ ಎಚ್‌ಎಸ್‌ಆರ್‌ಪಿ ಫಲಕ ಹಾಕಿಸಿ.

ಮಾಲೀಕತ್ವ ವರ್ಗಾವಣೆಗೆ ಫಾರಂ 29 ಎರಡು ಪ್ರತಿ, ಫಾರಂ 30. ರಾಜ್ಯದೊಳಗೆ ಮಾರಿದ್ದನ್ನು ನೀವು 14 ದಿನದಲ್ಲಿ ಆರ್‌ಟಿಒಗೆ ತಿಳಿಸಬೇಕು. ಹೊರರಾಜ್ಯಕ್ಕಾದರೆ ಫಾರಂ 28ರ ಎನ್‌ಒಸಿಯೂ ಬೇಕು. ಕರ್ನಾಟಕದಲ್ಲಿ ಕಟ್ಟಿದ ತೆರಿಗೆಯಲ್ಲಿ ಉಳಿದ ಅವಧಿಯ ಪಾಲನ್ನು ವಾಪಸ್ ಕೇಳಬಹುದು, ಅದಕ್ಕೆ ಅಲ್ಲಿ ಮರುನೋಂದಣಿಯಾದ ದಾಖಲೆ ಬೇಕಾಗುತ್ತದೆ. ಆ ಹಣ ಯಾರಿಗೆ ಸೇರಬೇಕೆಂದು ಒಪ್ಪಂದದಲ್ಲೇ ಬರೆಯಿರಿ, ಜಗಳ ಅಲ್ಲೇ ಹುಟ್ಟುವುದು.

ಖಾಲಿ ಫಾರಂಗೆ ಸಹಿ ಹಾಕಿ ಬ್ರೋಕರ್ ಕೈಗೆ ಕೊಡುವ 'ಓಪನ್ ಪೇಪರ್' ವ್ಯವಹಾರ ನಮ್ಮ ಕಡೆ ಸಾಮಾನ್ಯ. ಗಾಡಿ ನಾಲ್ಕು ಕೈ ದಾಟಿದರೂ ಅಪಘಾತವಾದರೆ ಹೊಣೆ ದಾಖಲೆಯಲ್ಲಿರುವ ಮಾಲೀಕನದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. 300 ಅಶ್ವಶಕ್ತಿಯ ಕಾರು ಯಾರೋ ಗುರುತಿಲ್ಲದವರ ಕೈಯಲ್ಲಿ ನಿಮ್ಮ ಹೆಸರಿನಲ್ಲಿ ಓಡುವುದು ಬೇಡ.

ಒಪ್ಪಿಸುವ ದಿನ ಡೆಲಿವರಿ ಚೀಟಿಯಲ್ಲಿ ದಿನಾಂಕ, ಗಂಟೆ, ನಿಮಿಷ, ಓಡೋಮೀಟರ್ ಬರೆದು ಸಹಿ ಪಡೆಯಿರಿ. ಕಾರಿನ ಪರದೆಯಿಂದ ನಿಮ್ಮ ಫೋನ್, ಮನೆ ವಿಳಾಸ, ಕಂಪನಿ ಆ್ಯಪ್‌ನ ಖಾತೆ ಅಳಿಸಿ. ಇಲ್ಲದಿದ್ದರೆ ಹೊಸ ಮಾಲೀಕನ ಗಾಡಿ ಎಲ್ಲಿದೆ ಎಂದು ನಿಮಗೆ ಕಾಣುತ್ತಿರುತ್ತದೆ. ಫಾಸ್ಟ್ಯಾಗ್ ಅನ್ನು ಕೊಟ್ಟ ಬ್ಯಾಂಕಿನಲ್ಲೇ ಮುಚ್ಚಿಸಿ. ವಿಮೆಯ ನೋ ಕ್ಲೈಮ್ ಬೋನಸ್ ಕಾರಿನದಲ್ಲ, ನಿಮ್ಮದು. ಕಂಪನಿಯಿಂದ ಅದರ ಪತ್ರ ಬರೆಸಿಕೊಂಡರೆ ಮೂರು ವರ್ಷದೊಳಗೆ ಕೊಳ್ಳುವ ಕಾರಿನ ವಿಮೆಯಲ್ಲಿ ಗರಿಷ್ಠ 50 ಶೇಕಡಾದವರೆಗೆ ರಿಯಾಯಿತಿ ಸಿಗುತ್ತದೆ. ಆಮೇಲೆ ವಾರಕ್ಕೊಮ್ಮೆ ವಾಹನ್‌ನಲ್ಲಿ ಗಾಡಿ ಸಂಖ್ಯೆ ಹಾಕಿ ನೋಡುತ್ತಿರಿ. ಒಂದು ತಿಂಗಳಾದರೂ ನಿಮ್ಮ ಹೆಸರೇ ಕಾಣುತ್ತಿದ್ದರೆ ಫಾರಂ 29ರ ಸ್ವೀಕೃತಿ ಹಿಡಿದು ಆರ್‌ಟಿಒ ಕಚೇರಿಗೆ ಹೋಗಿ ಲಿಖಿತ ದೂರು ಕೊಡಿ.